ಓದಿ ಹೇಳುವ ಯಂತ್ರದ ಜೀರ್ಣೋದ್ಧಾರ

ಮನೆಯಲ್ಲಿ ಒಬ್ಬರಿಗೆ ಕಣ್ಣು ಕಾಣದಿದ್ದರೆ ಉಳಿದವರು ಅವರಿಗೆ ಓದಿ ಹೇಳುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. ಅಜ್ಜನಿಗೆ ಮೊಮ್ಮಗನು ಪತ್ರ ಓದುವನು. ತಂಗಿಗೆ ಅಕ್ಕನು ಪಾಠ ಓದಿ ಹೇಳುವಳು. ಈ ಪದ್ಧತಿಯಲ್ಲಿ ಪ್ರೀತಿಯುಂಟು; ಆದರೆ ಓದಿಸಿಕೊಳ್ಳುವವರ ಸಂಕಟವೂ ಉಂಟು. ಓದುವವರಿಗೆ ಬಿಡುವಾಗುವ ತನಕ ಕಾಯಬೇಕು. ತಮ್ಮ ಸ್ವಂತದ ಪತ್ರವನ್ನೂ ಮತ್ತೊಬ್ಬರ ಬಾಯಿಂದಲೇ ಕೇಳಬೇಕು. ಅವರು ಬಿಟ್ಟು ಓದಿದ ಸಾಲು ತಮ್ಮ ಪಾಲಿಗೆ ಇಲ್ಲವೆಂದೇ ತಿಳಿಯಬೇಕು. ಈ ಪರಾಧೀನತೆಯನ್ನು ಬಹುಮಟ್ಟಿಗೆ ನೀಗಿರುವುದು ಸ್ಕ್ರೀನ್ ರೀಡರ್ ಎಂದು ಕರೆಯಲ್ಪಡುವ ತಂತ್ರಾಂಶ. ಗಣಕಯಂತ್ರದ ಪರದೆಯ ಮೇಲೆ ಏನು ಮೂಡಿದೆಯೋ ಅದನ್ನು ದನಿ ಮಾಡಿ ಹೇಳುವುದೇ ಅದರ ಕೆಲಸ. ಅದಕ್ಕೆ ಬೇಸರವಿಲ್ಲ, ಅವಸರವಿಲ್ಲ. ಬೇಕಾದ ಸಾಲನ್ನು ಹತ್ತು ಸಲ ಓದಿಸಿಕೊಳ್ಳಬಹುದು.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಲ್ಲಿ ಇಂಥ ಯಂತ್ರವನ್ನು ನೆಚ್ಚಿಕೊಂಡಿರುವ ಕೆಲವರ ಒಡನಾಟವು ನಿವೃತ್ತನಾದ ಮೇಲೆ ನನಗೆ ದೊರೆತಿದೆ. ಮೂಡಲಗಿಯ ಕಡೆಯ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ ನನ್ನ ಹಳೆಯ ವಿದ್ಯಾರ್ಥಿನಿ. ಗೋಕಾಕದಲ್ಲಿ ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿರುವ ತರುಣನೊಬ್ಬನು. ಹುಕ್ಕೇರಿಯಲ್ಲಿ ಪದವಿಯ ತರಗತಿಗೆ ಹೋಗುವ ಹುಡುಗಿಯೊಬ್ಬಳು. ಮೂವರೂ ಉಪಯೋಗಿಸುವುದು ಎನ್.ವಿ.ಡಿ.ಎ. ಎಂಬ ಒಂದೇ ತಂತ್ರಾಂಶವನ್ನು. ಮೂವರ ಮನೆಯಲ್ಲಿಯೂ ಒಂದಿಲ್ಲೊಂದು ದಿನ ಕೇಳಿಬಂದ ಗೋಳೂ ಒಂದೇ: ನಿನ್ನೆಯವರೆಗೆ ಚೆನ್ನಾಗಿ ಮಾತನಾಡುತ್ತಿದ್ದ ಯಂತ್ರವು ಹೊಸ ಆವೃತ್ತಿಯನ್ನು ಹಾಕಿದೊಡನೆ ಎಡವತೊಡಗಿತು, ಇಲ್ಲವೆ ಬೇರೆಯೇ ಭಾಷೆಯನ್ನಾಡತೊಡಗಿತು. ಕಣ್ಣುಳ್ಳವರಿಗೆ ಇಂಥದು ಅರ್ಧ ಗಂಟೆಯ ತೊಡಕು. ಪರದೆ ಕಾಣದವರಿಗೆ ದನಿಯೇ ಹೋದರೆ ಅದನ್ನು ಸರಿಪಡಿಸಿಕೊಳ್ಳುವ ದಾರಿಯೂ ಅದರೊಡನೆಯೇ ಹೋಗುತ್ತದೆ. ಹೀಗೇಕಾಗುತ್ತದೆ, ಮನೆಯವರು ಇದಕ್ಕೆ ಯಾವ ಸಿದ್ಧತೆ ಮಾಡಿಕೊಂಡಿರಬೇಕು ಎಂಬುದನ್ನು ಗೃಹಸ್ಥರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ತಂತ್ರಾಂಶವು ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಮೈಕೆಲ್ ಕರನ್ ಎಂಬ ದೃಷ್ಟಿಹೀನ ತರುಣರು ೨೦೦೬ರಲ್ಲಿ ಇದನ್ನು ಕಟ್ಟತೊಡಗಿದರು. ಅವರಂತೆಯೇ ಕಣ್ಣಿಲ್ಲದ ಅವರ ಗೆಳೆಯ ಜೇಮ್ಸ್ ಟೆ ಬೇಗನೆ ಜೊತೆಗೂಡಿದರು. ಮರುವರ್ಷ ಎನ್.ವಿ. ಆಕ್ಸೆಸ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಆ ಕಾಲಕ್ಕೆ ಪೇಟೆಯಲ್ಲಿ ದೊರೆಯುತ್ತಿದ್ದ ಹೆಸರುವಾಸಿಯಾದ ಸ್ಕ್ರೀನ್ ರೀಡರಿನ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿದ್ದಿತು. ಕಣ್ಣುಳ್ಳವನಿಗೆ ಪರದೆಯು ಯಂತ್ರದೊಡನೆಯೇ ಬರುತ್ತದೆ. ಅದೇ ಪರದೆಯನ್ನು ಕಿವಿಯಿಂದ ಓದುವುದಕ್ಕೆ ಕಣ್ಣಿಲ್ಲದವನು ಮಾತ್ರ ಯಂತ್ರದ ಬೆಲೆಯಷ್ಟನ್ನು ಮತ್ತೊಮ್ಮೆ ತೆರಬೇಕಾಗುತ್ತಿತ್ತು. ಎನ್.ವಿ.ಡಿ.ಎ.ಗಾದರೋ ಬೆಲೆಯಿಲ್ಲ. ಅದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇಂದು ಅದು ೫೦ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡಿದೆ. ದೇಣಿಗೆಯಿಂದಲೂ ಸಹಾಯಧನದಿಂದಲೂ ನಡೆಯುತ್ತಿದೆ.

ಮುಕ್ತ ತಂತ್ರಾಂಶವೆಂದರೆ ಒಡೆಯನಿಲ್ಲದ ಆಸ್ತಿ ಎಂದು ಎಷ್ಟೋ ಜನರ ಕಲ್ಪನೆ. ಹುಕ್ಕೇರಿಯ ಕಡೆಯವರಿಗಾದರೂ ಹಾಗೆ ತೋರಲಾರದು. ೧೯೬೯ರಲ್ಲಿ ಸ್ಥಾಪಿತವಾದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಲ್ಲಿ ದೀಪ ಹಚ್ಚಿಕೊಳ್ಳುವವರೇ ಸದಸ್ಯರು. ಬಳಸುವವರೇ ಒಡೆಯರಾದಾಗ ಕಂಬ ತಂತಿಗಳ ಚಿಂತೆಯೂ ಅವರದೇ ಆಗುತ್ತದೆ. ಹಳೆಯ ತಂತಿಯನ್ನು ಇಳಿಸಿ ಹೊಸದನ್ನು ಎಳೆಯುವ ದಿನ ಊರಲ್ಲಿ ಕತ್ತಲೆಯಾಗುವುದು ಅನಿವಾರ್ಯ. ಯಾವ ದಿನ, ಎಷ್ಟು ಹೊತ್ತು ಎಂಬುದು ಮುಂಚಿತವಾಗಿ ತಿಳಿದಿದ್ದರೆ ಕಂದೀಲಿಗೆ ಎಣ್ಣೆ ಹಾಕಿಟ್ಟುಕೊಳ್ಳಬಹುದು, ಅಷ್ಟೆ.

ಈಗ ತಂತಿ ಬದಲಾಯಿಸಿದ ಕಥೆಗೆ ಬರೋಣ. ತಂತ್ರಾಂಶವೂ ಒಂದು ಬರಹವೇ. ಎನ್.ವಿ.ಡಿ.ಎ.ಯ ಬಹುಭಾಗವು ಪೈಥಾನ್ ಎಂಬ ಕೃತಕ ಭಾಷೆಯಲ್ಲಿದೆ. ೧೯೯೧ರಲ್ಲಿ ಬೆಳಕಿಗೆ ಬಂದ ಈ ಭಾಷೆಯು ೨೦೦೮ರ ಡಿಸೆಂಬರಿನಲ್ಲಿ ಮೂರನೆಯ ಅವತಾರವನ್ನು ತಾಳಿತು. ಹಿಂದಿನಿಂದ ಉಳಿದುಬಂದ ಕೆಲವು ದೋಷಗಳನ್ನು ತಿದ್ದುವುದಕ್ಕಾಗಿ ಅದರ ಕರ್ತೃಗಳು ಈ ಸಲ ಬೇಕೆಂತಲೇ ಹಳೆಯದರ ನಂಟನ್ನು ಕಡಿದುಕೊಂಡರು. ಒಂದು ಉದಾಹರಣೆ ಕೊಡುವೆನು. ಏಳನ್ನು ಎರಡರಿಂದ ಭಾಗಿಸೆಂದರೆ ಎರಡನೆಯ ಪೈಥಾನು ೩ ಎಂದು ಉತ್ತರಿಸುತ್ತಿತ್ತು, ಮೂರನೆಯದು ೩.೫ ಎನ್ನುತ್ತದೆ. ನಮ್ಮ ನಾಲ್ಕನೆಯ ಇಯತ್ತೆಯ ಹುಡುಗನೂ ಎರಡನೆಯ ಉತ್ತರಕ್ಕೇ ಅಂಕ ಕೊಟ್ಟಾನು. ಆದರೆ ೩ ಬರುವುದೆಂದು ನಂಬಿ ಬರೆದ ಹಳೆಯ ಲೆಕ್ಕಗಳ ಗತಿ? ಅವೆಲ್ಲ ಒಂದೊಂದಾಗಿ ತಿದ್ದಲ್ಪಡಬೇಕು. ಅಕ್ಷರಗಳ ವಿಷಯದಲ್ಲಂತೂ ವ್ಯತ್ಯಾಸವು ಇನ್ನೂ ಆಳವಾದುದು. ಲೋಕದ ಲಿಪಿಗಳೆಲ್ಲಕ್ಕೂ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಕ್ರಮವನ್ನು ಹಳೆಯ ಪೈಥಾನು ಪ್ರತ್ಯೇಕವಾಗಿ ಹೇಳಿದರೆ ಮಾತ್ರ ಅನುಸರಿಸುತ್ತಿತ್ತು. ಹೊಸದಕ್ಕೆ ಅದೇ ಸಹಜಸ್ಥಿತಿ. ಕನ್ನಡದಂಥ ಲಿಪಿಗಳನ್ನು ಓದಬೇಕಾದ ತಂತ್ರಾಂಶಕ್ಕೆ ಇದು ಲಾಭವೆಂಬುದರಲ್ಲಿ ಸಂದೇಹವಿಲ್ಲ.

ಪಾಣಿನಿಯ ಸೂತ್ರಗಳ ಮೇಲೆ ಕಾತ್ಯಾಯನನು ವಾರ್ತಿಕಗಳನ್ನೂ ಆಮೇಲೆ ಪತಂಜಲಿಯು ಮಹಾಭಾಷ್ಯವನ್ನೂ ರಚಿಸಿದರು. ಈ ಮೂವರಲ್ಲಿ ಹಿಂದಿನವನಿಗಿಂತ ಮುಂದಿನವನ ಮಾತಿಗೆ ಹೆಚ್ಚಿನ ಪ್ರಾಮಾಣ್ಯವೆಂದು ವೈಯಾಕರಣರು ಒಪ್ಪಿದ್ದಾರೆ. ಹಾಗೆಂದು ಸೂತ್ರಪಾಠವನ್ನು ಯಾರೂ ಅಳಿಸಲಿಲ್ಲ. ಗಣಕಯಂತ್ರದ ಲೋಕದಲ್ಲಿ ಈ ಸೌಕರ್ಯವಿಲ್ಲ. ಹಳೆಯ ಪೈಥಾನಿಗೆ ೨೦೨೦ರ ಜನವರಿ ೧ರಿಂದ ಪೋಷಣೆ ನಿಂತಿತು. ಅದರಲ್ಲಿ ಇನ್ನು ಯಾವ ಬಿರುಕು ಕಾಣಿಸಿದರೂ ಅದರ ಕರ್ತೃಗಳು ಮುಚ್ಚುವವರಲ್ಲ. ಆದುದರಿಂದ ಎನ್.ವಿ.ಡಿ.ಎ.ಯವರೂ ಮನೆ ಬಿಡಬೇಕಾಯಿತು. ೨೦೧೯ರ ೩ನೆಯ ಆವೃತ್ತಿಯೆಂದು ಹೆಸರಾಗಿ ೨೦೨೦ರ ಫೆಬ್ರವರಿಯಲ್ಲಿ ಹೊರಬಿದ್ದ ಆವೃತ್ತಿಯು ಮೂರನೆಯ ಪೈಥಾನಿನಲ್ಲಿದ್ದಿತು.

ಮೂಲ ತಂತ್ರಾಂಶವು ದಾಟಿತು. ಅದರ ಬಳಗ ದಾಟಲಿಲ್ಲ. ಎನ್.ವಿ.ಡಿ.ಎ.ಗೆ ಆಡ್-ಆನ್ ಎಂಬ ಉಪಾಂಗಗಳುಂಟು. ಒಂದು ಹೊಸ ದನಿಯನ್ನು ಕೊಡುತ್ತದೆ, ಒಂದು ಯಾವುದೋ ವಿಶೇಷ ತಂತ್ರಾಂಶವನ್ನು ಓದಲು ನೆರವಾಗುತ್ತದೆ. ಇವನ್ನು ಬರೆದವರು ಬಹುತರವಾಗಿ ಬೇರೆ ಬೇರೆ ದೇಶಗಳ ಹವ್ಯಾಸಿಗಳು. ಬಿಡುವಿನ ವೇಳೆಯಲ್ಲಿ ಬರೆದು ಪುಕ್ಕಟೆಯಾಗಿ ಹಂಚಿದವರು. ಅವರೆಲ್ಲರೂ ತಂತಮ್ಮ ಬರಹವನ್ನು ಹೊಸ ಪೈಥಾನಿಗೆ ತಿದ್ದಬೇಕಾಯಿತು. ಕೆಲವರು ತಿದ್ದಿದರು, ಕೆಲವರು ಆ ವೇಳೆಗೆ ಕೆಲಸ ಬಿಟ್ಟಿದ್ದರು, ಬಿಟ್ಟವರದನ್ನು ಬೇರೆಯವರು ಎತ್ತಿಕೊಂಡದ್ದೂ ಉಂಟು. ಪ್ರತಿಯೊಂದು ಉಪಾಂಗದಲ್ಲಿಯೂ ಅದನ್ನು ಯಾವ ಆವೃತ್ತಿಯವರೆಗೆ ಪರೀಕ್ಷಿಸಲಾಗಿದೆ ಎಂಬುದನ್ನು ನಮೂದಿಸುವ ಪದ್ಧತಿ ಈಗ ಇದೆ. ಆ ನಮೂದು ಹೊಂದದಿದ್ದರೆ ಮೂಲ ತಂತ್ರಾಂಶವು ಉಪಾಂಗವನ್ನು ಸುಮ್ಮನಿರಿಸಿಬಿಡುತ್ತದೆ. ೨೦೨೧ರಿಂದೀಚೆಗೆ ಇಂಥ ದೊಡ್ಡ ಬದಲಾವಣೆಗಳನ್ನು ವರ್ಷದ ಮೊದಲನೆಯ ಆವೃತ್ತಿಗೆ ಮೀಸಲಿಡುತ್ತಾರೆ. ಮಿಕ್ಕ ಆವೃತ್ತಿಗಳಲ್ಲಿ ಉಪಾಂಗಗಳಿಗೆ ಧಕ್ಕೆ ತಗಲದಂತೆ ನೋಡಿಕೊಳ್ಳುತ್ತಾರೆ. ಇದು ಬಹಳ ಒಳ್ಳೆಯ ನಡತೆಯೆಂದು ನನ್ನ ಅಭಿಪ್ರಾಯ. ಘಟಪ್ರಭೆಯ ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ದಿನಗಳು ಮೊದಲೇ ತಿಳಿದಿದ್ದರೆ ರೈತನು ಬೆಳೆಯನ್ನು ಹೊಂದಿಸಿಕೊಳ್ಳುವನು. ತಿಳಿಯದೆ ನಿಂತರೆ ಬೈಯುವನು.

ನಮ್ಮ ನಾಡಿಗೆ ಇಂಥ ಕಡಿತಗಳು ಹೊಸವೇನಲ್ಲ. ಬ್ರೈಲ್ ಲಿಪಿಯನ್ನೇ ನೋಡಿರಿ. ಒಂದು ಕಾಲದಲ್ಲಿ ಭರತಖಂಡದ ಬೇರೆ ಬೇರೆ ಅಂಧಶಾಲೆಗಳು ಬೇರೆ ಬೇರೆ ಚುಕ್ಕೆಯ ಪದ್ಧತಿಗಳನ್ನು ಕಲಿಸುತ್ತಿದ್ದವು. ೧೯೫೧ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಭಾರತೀ ಬ್ರೈಲ್ ಅಂಗೀಕೃತವಾಯಿತು. ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಅದರಲ್ಲಿ ಒಂದೇ ಗುರುತು, ಒಂದನೆಯ ಮತ್ತು ಮೂರನೆಯ ಚುಕ್ಕೆ. ಮುಂದಿನ ಪೀಳಿಗೆಗೆ ಮಹೋಪಕಾರವಾಯಿತು. ಆದರೆ ಹಳೆಯ ಪದ್ಧತಿಯಲ್ಲಿ ಬೆರಳು ಪಳಗಿಸಿಕೊಂಡಿದ್ದವರು ಮತ್ತೊಮ್ಮೆ ಮೊದಲಿನಿಂದ ಅಕ್ಷರಾಭ್ಯಾಸ ಮಾಡಬೇಕಾಯಿತಲ್ಲ! ಅವರ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಕಣ್ಣೆದುರಿನದೇ ಮತ್ತೊಂದು ಉದಾಹರಣೆ ಕನ್ನಡದ ಹಳೆಯ ಫಾಂಟುಗಳದು. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಬಹುಕಾಲ ನುಡಿ, ಬರಹ ಮೊದಲಾದವುಗಳ ಹಳೆಯ ಕ್ರಮದಲ್ಲಿಯೇ ಬೆರಳಚ್ಚು ಮಾಡಿದವು. ಆ ಕಾಲಕ್ಕೆ ಅವು ಮಾಡಿದ ಉಪಕಾರ ದೊಡ್ಡದು. ಅವಿಲ್ಲದಿದ್ದರೆ ಗಣಕಯಂತ್ರದಲ್ಲಿ ಕನ್ನಡವೇ ಬೇರೂರುತ್ತಿರಲಿಲ್ಲ. ಆದರೆ ಆ ಹಳೆಯ ಕ್ರಮದಲ್ಲಿ ಯಂತ್ರದೊಳಗೆ ಉಳಿಯುತ್ತಿದ್ದುದು ಕನ್ನಡವಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂದು ಬರೆದರೆ ಒಳಗೆ ನಿಲ್ಲುವುದು ಇಂಗ್ಲಿಷಿನ ‘ಪಿ’ ಅಕ್ಷರವೂ ಅದರ ಮಗ್ಗುಲಿಗೆ ಮತ್ತೊಂದು ಪರಕೀಯ ಗುರುತೂ. ಮೇಲೆ ಹೊದಿಸಿದ ಫಾಂಟು ಅದನ್ನು ಕನ್ನಡದಂತೆ ಕಾಣಿಸುತ್ತದೆ. ಕಣ್ಣಿಗೆ ಈ ವೇಷ ಸಾಕು. ಸ್ಕ್ರೀನ್ ರೀಡರಿಗೆ ಕಣ್ಣಿಲ್ಲ. ಅದು ಒಳಗಿದ್ದುದನ್ನೇ ಓದುತ್ತದೆ. ಅಂಥ ಸುತ್ತೋಲೆಯೊಂದನ್ನು ತೆರೆದು ಮೂಡಲಗಿಯ ಶಿಕ್ಷಕಿಯು ನನಗೆ ಕೇಳಿಸಿದ್ದುಂಟು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮಳೆ! ಅಂಥ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಪುಕ್ಕಟೆ ಸಾಧನಗಳಿವೆ. ಆಕೆ ಅದನ್ನು ಬಲ್ಲಳು. ಆದರೆ ಬರೆಯುವವರು ಒಮ್ಮೆ ಬದಲಾದರೆ ಓದುವವರು ಪ್ರತಿಸಲವೂ ಪರಿವರ್ತಿಸುವ ಕಾಟ ತಪ್ಪುತ್ತದೆ. ಹಳೆಯ ಕಡತಗಳು ಕೆಡುವುವೆಂದು ಹೆದರಿ ಹೊಸ ಕ್ರಮವನ್ನು ಮುಂದೂಡುತ್ತ ಹೋದರೆ ಕೆಡಬೇಕಾದ ಕಡತಗಳ ರಾಶಿಯೇ ಬೆಳೆಯುತ್ತದೆ. ಒಡಕನ್ನು ತಪ್ಪಿಸಬೇಕೆಂದು ವಾದಿಸುವವರು ಈ ರಾಶಿಯನ್ನೊಮ್ಮೆ ನೋಡಬೇಕು.

ಅದಿರಲಿ. ಸುಧಾರಣೆ ಅವಶ್ಯವೆಂದು ಒಪ್ಪಿದರೂ ಅದು ಮನೆಯೊಳಗೆ ಕಾಲಿಡುವ ದಿನವನ್ನು ಯಾರು ಗೊತ್ತುಮಾಡಬೇಕು? ಆ ಶಿಕ್ಷಕಿಯ ಮನೆಯಲ್ಲಿ ನಡೆದುದನ್ನು ಹೇಳುವೆನು. ಪರೀಕ್ಷೆಯ ಅಂಕಗಳನ್ನು ಗಣಕಯಂತ್ರದಲ್ಲಿ ತುಂಬಿ ಕಳುಹಿಸಬೇಕಾದ ಕೊನೆಯ ದಿನ. ಅಣ್ಣನ ಮಗನು ಯಂತ್ರದ ಮುಂದೆ ಕುಳಿತಿದ್ದಾಗ ಹೊಸ ಆವೃತ್ತಿ ಬಂದಿದೆಯೆಂಬ ಸೂಚನೆ ಮೂಡಿತು. ಅತ್ತೆಗೆ ಉಪಕಾರವಾಗಲೆಂದು ಹುಡುಗನು ಹೂಂ ಎಂದನು. ಇಂತಿಂಥ ಉಪಾಂಗಗಳು ಹೊಂದುವುದಿಲ್ಲವೆಂಬ ಎಚ್ಚರಿಕೆಯೂ ಬಂದಿರಬೇಕು; ಹನ್ನೆರಡು ವರುಷದವರು ಅದನ್ನೆಲ್ಲ ಓದುವರೇ? ಆಕೆ ಬಳಸುತ್ತಿದ್ದ ಕನ್ನಡ ದನಿಯು ಒಂದು ಉಪಾಂಗದಿಂದ ಬಂದುದಾಗಿತ್ತು. ಅದು ಸುಮ್ಮನಾಯಿತು; ಯಂತ್ರವು ಇಂಗ್ಲಿಷ್ ದನಿಯಲ್ಲಿ ಒದರತೊಡಗಿತು. ಆಕೆಯ ಫೋನು ಬೇರೆಯಾಗಿ ಮಾತನಾಡುತ್ತಿದ್ದುದರಿಂದ ನನ್ನನ್ನು ಕರೆದಳು. “ಗುರುಗಳ, ದನೀನ ಹೋಗೇತ್ರಿ. ಕನ್ನಡ ಒಂದಕ್ಷರಾನೂ ಓದವಲ್ದು” ಎಂದಳು. ನಾನು ಗೋಕಾಕದ ತರುಣನನ್ನು ಆಕೆಯೊಡನೆ ಮಾತನಾಡಿಸಿದೆನು. ಅವನು “ಅಂಜಬ್ಯಾಡ್ರಿ ಅಕ್ಕೋರ, ದನಿ ಹೋಗಿಲ್ರಿ, ಬದಲಾಗೇತ್ರಿ” ಎಂದು ಧೈರ್ಯ ಹೇಳಿ ಒಂದೊಂದೇ ಕೀಲಿಯನ್ನು ಒತ್ತಿಸಿದನು. ಇನ್ಸರ್ಟ್, ಕಂಟ್ರೋಲ್, ಎಸ್ ಈ ಮೂರನ್ನೂ ಕೂಡಿ ಒತ್ತಿದರೆ ದನಿಯ ಯಂತ್ರಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ಇ-ಸ್ಪೀಕ್ ಎಂಬುದು ಎನ್.ವಿ.ಡಿ.ಎ.ಯೊಡನೆಯೇ ಬರುವಂಥದು, ಅದನ್ನಾರಿಸಿ, ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ ಅದರ ಕನ್ನಡ ದನಿಯನ್ನು ಆರಿಸಿಕೊಳ್ಳಬೇಕು. ಇ-ಸ್ಪೀಕಿನ ದನಿ ಮನುಷ್ಯರದರಂತೆ ಇಂಪಾದುದಲ್ಲ, ತಗಡಿನ ಡಬ್ಬಿಯೊಳಗಿಂದ ಮಾತನಾಡಿದಂತಿರುತ್ತದೆ. ಆದರೂ ಆ ಸಂಜೆ ಅಂಕಗಳು ಹೋಗಿ ತಲಪಿದವು.

ಇನ್ನು ಸಿದ್ಧತೆಯ ಮಾತು. ದೇವಾಲಯದ ಜೀರ್ಣೋದ್ಧಾರವನ್ನು ಕೈಕೊಳ್ಳುವಾಗ ಆಗಮಜ್ಞರು ಗರ್ಭಗುಡಿಯನ್ನು ಒಮ್ಮೆಲೇ ಕೆಡಹುವುದಿಲ್ಲ. ಮೊದಲು ಬಾಲಾಲಯವೆಂಬ ಸಣ್ಣ ಗುಡಿಯನ್ನು ಕಟ್ಟಿ ದೇವರ ಸಾನ್ನಿಧ್ಯವನ್ನು ಅಲ್ಲಿಗೆ ಸಾಗಿಸುತ್ತಾರೆ. ಕಟ್ಟಡದ ಕೆಲಸ ಮುಗಿಯುವವರೆಗೆ ನಿತ್ಯಪೂಜೆ ಅಲ್ಲಿ ನಡೆಯುತ್ತದೆ. ಒಂದು ಹೊತ್ತಿನ ಪೂಜೆಯೂ ತಪ್ಪಬಾರದೆಂಬುದೇ ಇದರ ಅಭಿಪ್ರಾಯ. ಎನ್.ವಿ.ಡಿ.ಎ.ಯಲ್ಲಿಯೂ ಇಂಥ ಬಾಲಾಲಯಕ್ಕೆ ಅವಕಾಶವಿದೆ. ಅದರ ಪರಿಕರಗಳ ಪಟ್ಟಿಯಲ್ಲಿ ಪೋರ್ಟಬಲ್ ಪ್ರತಿಯನ್ನು ಸಿದ್ಧಪಡಿಸುವ ಏರ್ಪಾಡುಂಟು. ಹೊಸ ಆವೃತ್ತಿಯನ್ನು ಮುಟ್ಟುವ ಮೊದಲು ಈಗ ಸರಿಯಾಗಿ ನಡೆಯುತ್ತಿರುವ ಆವೃತ್ತಿಯ ಪ್ರತಿಯೊಂದನ್ನು ಪೆನ್ ಡ್ರೈವಿನಲ್ಲಿ ಮಾಡಿಟ್ಟುಕೊಳ್ಳಬೇಕು. ಈಗಿನ ಹೊಂದಾಣಿಕೆಗಳನ್ನೂ ನಕಲು ಮಾಡಬೇಕೆಂಬ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬಾರದು. ದನಿ, ವೇಗ, ಉಪಾಂಗಗಳು, ಉಚ್ಚಾರ ತಿದ್ದುವುದಕ್ಕಾಗಿ ತಾವೇ ಸೇರಿಸಿದ ಶಬ್ದಗಳು ಎಲ್ಲವೂ ಅದರೊಳಗೆ ಬರುತ್ತವೆ. ಮುಂದೆ ಏನೇ ಕೆಟ್ಟರೂ ಆ ಪೆನ್ ಡ್ರೈವಿನಿಂದ ಹಳೆಯ ದನಿಯನ್ನು ಎಬ್ಬಿಸಬಹುದು. ಯಂತ್ರಕ್ಕೆ ಒಳಹೋಗುವಾಗ ಗುಪ್ತಪದವನ್ನು ಕೇಳುವ ಪರದೆಯಲ್ಲಿ ಮಾತ್ರ ಈ ಪ್ರತಿ ಮಾತನಾಡದು. ಅಷ್ಟನ್ನು ಮನೆಯವರು ನೆನಪಿನಲ್ಲಿಡಬೇಕು.

ಆಮೇಲೆ ಹೊಸದನ್ನು ಪರೀಕ್ಷಿಸುವುದು. ತರಿಸಿಕೊಂಡ ಹೊಸ ಆವೃತ್ತಿಯ ಕಡತವನ್ನು ತೆರೆದೊಡನೆ ಅದು ಇನ್ನೂ ನೆಲೆಗೊಳ್ಳದೆಯೇ ತಾತ್ಕಾಲಿಕವಾಗಿ ಮಾತನಾಡತೊಡಗುತ್ತದೆ. ಸ್ಥಾಪಿಸಬೇಕೋ, ಪೋರ್ಟಬಲ್ ಪ್ರತಿ ಮಾಡಬೇಕೋ, ಹೀಗೆಯೇ ಮುಂದುವರಿಯಬೇಕೋ ಎಂದು ಕೇಳುತ್ತದೆ. ಒಂದೆರಡು ದಿನ ಹೀಗೆಯೇ ನಡೆಸಿ ನೋಡುವುದು ಲೇಸು. ತಾವು ನಿತ್ಯ ಮಾಡುವ ಕೆಲಸಗಳನ್ನೇ ಮಾಡಿ ನೋಡಬೇಕು: ಪತ್ರ, ಬ್ಯಾಂಕಿನ ಲೆಕ್ಕ, ಪಠ್ಯಪುಸ್ತಕ. ಗೋಕಾಕದ ತರುಣನು ಇದಕ್ಕಾಗಿ ಒಂದು ಪಟ್ಟಿಯನ್ನೇ ಬರೆದಿಟ್ಟುಕೊಂಡಿದ್ದಾನೆ. ತನ್ನ ಉಪಾಂಗಗಳ ಹೆಸರನ್ನೂ ಆವೃತ್ತಿಯನ್ನೂ ಅದರಲ್ಲಿ ನಮೂದಿಸಿ, ಯಾವುದು ಇಲ್ಲದಿದ್ದರೆ ನಡೆಯುತ್ತದೆ, ಯಾವುದು ಇಲ್ಲದಿದ್ದರೆ ನಡೆಯದು ಎಂದು ಗುರುತು ಮಾಡಿದ್ದಾನೆ. ಏಳರಲ್ಲಿ ಎರಡೇ ಅನಿವಾರ್ಯವೆಂದು ಅವನಿಗೆ ಆಗಲೇ ಗೊತ್ತಾಯಿತಂತೆ. ೨೦೨೩ರಿಂದ ತಂತ್ರಾಂಶದೊಳಗೇ ಉಪಾಂಗಗಳ ಭಂಡಾರವೊಂದು ತೆರೆದಿದ್ದು, ಯಾವುದಕ್ಕೆ ಹೊಸ ರೂಪ ಬಂದಿದೆಯೆಂಬುದನ್ನು ಅಲ್ಲಿ ನೋಡಬಹುದು. ಹೊಂದದ ಉಪಾಂಗವನ್ನು ಹಟದಿಂದ ನಡೆಯಿಸುವ ಅನುಮತಿಯೂ ಅಲ್ಲಿದೆ. ಆ ಅನುಮತಿಯನ್ನು ಬಳಸದಿರುವುದೇ ಕ್ಷೇಮ.

ಕಾಲದ ವಿಚಾರವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವೆನು. ವರ್ಷದ ಮೊದಲನೆಯ ಆವೃತ್ತಿಯು ೨೦೨೪ರಲ್ಲಿ ಮಾರ್ಚಿ ತಿಂಗಳಲ್ಲಿ ಹೊರಬಿದ್ದಿತು. ನಮ್ಮ ಮಕ್ಕಳ ಪರೀಕ್ಷೆಗಳು ನಡೆಯುವುದೂ ಆಗಲೇ. ಪರೀಕ್ಷೆಯ ತಿಂಗಳಲ್ಲಿ ಯಂತ್ರವನ್ನು ಮುಟ್ಟಕೂಡದು. ಸ್ವತಃ ಹುಡುಕಿ ತರುವ ಏರ್ಪಾಡನ್ನು ಆ ಕಾಲಕ್ಕೆ ನಿಲ್ಲಿಸಿಡಬೇಕು. ಹುಕ್ಕೇರಿಯ ಹುಡುಗಿಯ ಮನೆಯಲ್ಲಿ ಬೇಸಿಗೆಯ ಬಿಡುವಿಗೆ ಈ ಕೆಲಸವನ್ನಿಟ್ಟುಕೊಂಡಿದ್ದಾರೆ. ಹಪ್ಪಳ ಸಂಡಿಗೆಯ ಕಾಲದಲ್ಲಿ ಯಂತ್ರದ ಕೆಲಸವೂ ಎಂದು ಅವಳ ತಾಯಿ ನಗುತ್ತಾರೆ. ಅಷ್ಟರೊಳಗೆ ಹೊಸ ಆವೃತ್ತಿಯ ಮೊದಲ ತಪ್ಪುಗಳು ತಿದ್ದಲ್ಪಟ್ಟಿರುತ್ತವೆ. ಉಪಾಂಗಗಳೂ ಬಂದು ಸೇರಿರುತ್ತವೆ.

ಹಳೆಯ ಯಂತ್ರವುಳ್ಳವರ ಪ್ರಶ್ನೆ ಬೇರೆ. ಅಣ್ಣನು ಬಿಟ್ಟ ಲ್ಯಾಪ್‌ಟಾಪು ತಂಗಿಗೆ ಬರುವುದು ನಮ್ಮ ಮನೆಗಳ ವಾಡಿಕೆಯಷ್ಟೆ. ವಿಂಡೋಸ್ ಎಕ್ಸ್‌ಪಿಯುಳ್ಳ ಯಂತ್ರಗಳಿಗೆ ೨೦೧೭ರ ೩ನೆಯ ಆವೃತ್ತಿಯೇ ಕೊನೆಯದು. ವಿಂಡೋಸ್ ೭ಕ್ಕೆ ೨೦೨೩ರ ೩ನೆಯದು. ಅವನ್ನು ಈಗಲೂ ತರಿಸಿಕೊಳ್ಳಬಹುದು, ಅವು ಮಾತನಾಡುತ್ತವೆ. ಪಾಠ ಓದುವುದಕ್ಕೆ ಅಂಥ ಯಂತ್ರ ಸಾಕು. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಅದರಲ್ಲಿ ಮಾಡಬಾರದು, ಏಕೆಂದರೆ ವಿಂಡೋಸ್ ೭ಕ್ಕೇ ೨೦೨೦ರ ಜನವರಿಯಲ್ಲಿ ಅದರ ತಯಾರಕರ ರಕ್ಷಣೆ ನಿಂತಿದೆ.

ಈ ಪುಕ್ಕಟೆ ಸೇವೆಯಲ್ಲಿ ನಾನು ಕಂಡ ಕೊರತೆಯೊಂದನ್ನು ಹೇಳದೆ ಇರಲಾರೆ. ಒಡಕಿನ ಸೂಚನೆಗಳೆಲ್ಲ ಮೊದಲು ಹೊರಬೀಳುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬಾಳುವವನಿಗೆ ಅವು ತಲಪುವ ಹೊತ್ತಿಗೆ ದನಿ ಹೋಗಿರುತ್ತದೆ. ದೂರದ ಊರಿನವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ, ಅನುವಾದಿಸಬೇಕಾದವರು ನಾವು. ಇಂಗ್ಲಿಷ್ ಬಲ್ಲ ನಿವೃತ್ತ ಶಿಕ್ಷಕರು ನಮ್ಮ ತಾಲ್ಲೂಕುಗಳಲ್ಲಿ ಕಡಮೆಯಿಲ್ಲ. ವರ್ಷಕ್ಕೆ ನಾಲ್ಕಾರು ಪುಟಗಳ ಕೆಲಸ.

ಇ-ಸ್ಪೀಕಿನ ಕನ್ನಡ ಉಚ್ಚಾರದ ನಿಯಮಗಳೂ ಮುಚ್ಚಿಟ್ಟವುಗಳಲ್ಲ. ಇಂಗ್ಲೆಂಡಿನ ಜೊನಾಥನ್ ಡಡಿಂಗ್ಟನ್ ಎಂಬವರು ಮೊದಲು ರಚಿಸಿದ ಈ ದನಿಯಂತ್ರವನ್ನು ೨೦೧೫ರಿಂದೀಚೆಗೆ ಬೇರೆ ಹಲವರು ಮುಂದುವರಿಸಿಕೊಂಡು ಬಂದಿದ್ದಾರೆ. ಯಾವ ಅಕ್ಷರ ಎಲ್ಲಿ ಹೇಗೆ ಉಚ್ಚರಿಸಲ್ಪಡಬೇಕೆಂಬುದು ಸಾದಾ ಪಠ್ಯದ ಕಡತಗಳಲ್ಲಿ ಬರೆದಿದೆ. ಶಿಕ್ಷಾಶಾಸ್ತ್ರದ ಗಂಧವಿರುವವರಿಗೆ ಅವನ್ನು ನೋಡಿದರೆ ಹಳೆಯ ಪರಿಚಯವೆನಿಸುತ್ತದೆ. ಹುಕ್ಕೇರಿಯ ಹುಡುಗಿಯು ಕಳೆದ ಬೇಸಿಗೆಯಲ್ಲಿ ಹೊಸ ಆವೃತ್ತಿಯನ್ನು ಪರೀಕ್ಷಿಸುವಾಗ ದನಿಯು ಎಡವುವ ಶಬ್ದಗಳನ್ನು ಒಂದೊಂದಾಗಿ ಗುರುತುಹಾಕಿಕೊಂಡು ಬಂದಿದ್ದಾಳೆ. ಹೆಚ್ಚಿನವು ನಮ್ಮ ಊರುಗಳ ಹೆಸರುಗಳು, ಕೆಲವು ಅವಳ ಪಠ್ಯದ ಸಂಸ್ಕೃತ ಶಬ್ದಗಳು. ಪಟ್ಟಿಯನ್ನು ಈ ತಿಂಗಳೊಳಗೆ ಅವರಿಗೆ ಕಳುಹಿಸುವವಳಿದ್ದಾಳೆ. ಪ್ರತಿಯೊಂದು ಶಬ್ದದ ಎದುರಿಗೂ ಸರಿಯಾದ ಉಚ್ಚಾರವನ್ನು ಇಂಗ್ಲಿಷಿನಲ್ಲಿ ವಿವರಿಸಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ, ಅರ್ಧದಷ್ಟು ಮುಗಿದಿದೆ.